ನೊರೆಯೊಳಗಿನ ಹಿಂಸೆ



ಹೊಸದುರ್ಗದ ಬಂಧುಗಳೊಬ್ಬರ ಮನೆಯಲ್ಲಿ ನಿಶ್ಚಿತಾರ್ಥ. ಹಗಲಿನ ಶಾಸ್ತ್ರಗಳೆಲ್ಲ ವಿಧಿವತ್ತಾಗಿ ನೆರವೇರಿದವು. ರಾತ್ರಿ ಮಹಡಿಯ ಕೋಣೆಯಲ್ಲಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತರುಣನೊಬ್ಬ ನೀಳವಾದ ಗಾಜಿನ ಲೋಟಗಳನ್ನು ಸಾಲಾಗಿರಿಸಿ, ಒಂದೊಂದರಲ್ಲಿಯೂ ಸಕ್ಕರೆಯ ಅಚ್ಚೊಂದನ್ನು ಹಾಕಿ, ಅದರ ಮೇಲೆ ಕಹಿ ದ್ರಾವಣವನ್ನು ತೊಟ್ಟಿಕ್ಕಿಸಿ, ತುಸು ಬ್ರಾಂದಿ ಬೆರೆಸಿ, ನೊರೆಯುಕ್ಕುವ ವೈನನ್ನು ಸುರಿಯುತ್ತಿದ್ದ. ಷಾಂಪೇನ್ ಕಾಕ್‌ಟೇಲ್ ಎಂಬ ಈ ಪಾನದ ವಿಧಾನ 1862ರ ಅಮೆರಿಕದ ಪುಸ್ತಕವೊಂದರಲ್ಲಿಯೇ ಅಚ್ಚಾಗಿದೆ. ನನ್ನನ್ನು ಕಂಡು ಅವನು ಅಳುಕಲಿಲ್ಲ. "ದೊಡ್ಡಪ್ಪಾ, ಇದು ಹೆಂಡವಲ್ಲ, ದ್ರಾಕ್ಷಾರಸ. ನಾಲ್ಕೇ ಜನ, ಒಂದೊಂದೇ ಲೋಟ" ಎಂದ.

ಈ ಹೆಸರಿನ ಮೋಸ ಅವನೊಬ್ಬನದಲ್ಲ. 2007ರಲ್ಲಿ ನಮ್ಮ ರಾಜ್ಯವು ವೈನ್ ನೀತಿಯನ್ನು ತಂದ ಮೇಲೆ 'ದ್ರಾಕ್ಷಾರಸ ಉತ್ಸವ'ಗಳೇ ನಡೆದಿವೆ. ಹಿಂಡಿದ ಹಣ್ಣಿನ ರಸಕ್ಕೂ ಹುದುಗಿದ ಮದ್ಯಕ್ಕೂ ಒಂದೇ ಹೆಸರಿಟ್ಟರೆ ಗಿರಾಕಿಗೆ ಸಂಕೋಚವಿರುವುದಿಲ್ಲ. ವ್ಯಾಪಾರಿಯಾದ ನನಗೆ ಈ ಉಪಾಯ ಹೊಸದೇನೂ ಅಲ್ಲ.

ಲೆಕ್ಕವನ್ನೂ ನೋಡೋಣ. ಶೇಕಡ 12ರ ವೈನ್ 120 ಮಿಲಿಲೀಟರ್, ಶೇಕಡ 42.8ರ ಬ್ರಾಂದಿ 15 ಮಿಲಿಲೀಟರ್ ಎಂದಿಟ್ಟುಕೊಂಡರೆ ಲೋಟವೊಂದರಲ್ಲಿ ಶುದ್ಧ ಮದ್ಯಸಾರ ಸುಮಾರು 21 ಮಿಲಿಲೀಟರ್. ಇದು ಒಂದೂವರೆ ಸಣ್ಣ ಪೆಗ್ ವಿಸ್ಕಿಗಿಂತ ಅಧಿಕ! 'ಹೆಂಡವಲ್ಲ'ವಂತೆ.

ಆದರೆ ಅಮಲಿನ ಮಾತು ಇಲ್ಲಿ ಎರಡನೆಯದು. ಸಮಂತಭದ್ರಾಚಾರ್ಯರು ಶ್ರಾವಕನ ಮೂಲಗುಣಗಳಲ್ಲಿ ಮದ್ಯತ್ಯಾಗವನ್ನು ಅಣುವ್ರತಗಳ ಜೊತೆಗೇ ಎಣಿಸಿದ್ದಾರೆ. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯವು ರಸದಲ್ಲಿ ಹುಟ್ಟುವ ಅಸಂಖ್ಯ ಜೀವಗಳಿಗೆ ಯೋನಿಸ್ಥಾನವೆಂದೂ, ಕುಡಿಯುವವನಿಗೆ ಹಿಂಸೆ ತಪ್ಪದೆಂದೂ ಸ್ಪಷ್ಟಪಡಿಸಿದ್ದಾರೆ. ಹುದುಗುವಿಕೆ ಜೀವಿಗಳ ಕಾರ್ಯವೆಂದು ಯುರೋಪಿನಲ್ಲಿ ಪಾಶ್ಚರ್ ಪ್ರಯೋಗಗಳಿಂದ ತೋರಿಸಿದ್ದು 1860ರ ಸುಮಾರಿಗೆ.

ಈ ನೊರೆಯಾದರೂ ಹೇಗೆ ಬರುತ್ತದೆ? ಒಮ್ಮೆ ಹುದುಗಿದ ವೈನಿಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು ಸೇರಿಸಿ ಬಾಟಲಿಯ ಬಾಯಿ ಬಿಗಿಯುತ್ತಾರೆ. ಜೀವಿಗಳು ಸಕ್ಕರೆಯನ್ನು ತಿಂದು ಬಿಡುವ ಅನಿಲವು ಹೊರಹೋಗಲಾರದೆ ಸುಮಾರು ಆರು ವಾಯುಭಾರದಷ್ಟು ಒತ್ತಡವಾಗಿ ವೈನಿನಲ್ಲಿಯೇ ಕರಗುತ್ತದೆ. ಆಹಾರ ಮುಗಿದಾಗ ಅವು ಅಲ್ಲಿಯೇ ಸಾಯುತ್ತವೆ. ಫ್ರಾನ್ಸಿನ ಷಾಂಪೇನ್ ಪ್ರಾಂತದ ನಿಯಮದಂತೆ ಕನಿಷ್ಠ 12 ತಿಂಗಳು ವೈನು ಆ ಮೃತರಾಶಿಯ ಮೇಲೆಯೇ ಇರಬೇಕು. ಏಕೆಂದರೆ ಆ ದೇಹಗಳು ಕರಗಿಯೇ ಅದಕ್ಕೆ ಮೆಚ್ಚುಗೆಯ ಬ್ರೆಡ್ಡಿನ ಪರಿಮಳ ಬರುವುದು. ಆಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿ, ಕತ್ತಿಗೆ ಇಳಿದ ಗಸಿಯನ್ನು ತೆಗೆದೊಗೆದು, ಹೊಸ ಬಿರಡೆ ಹಾಕುತ್ತಾರೆ. ನಾಸಿಕದಲ್ಲಿಯೂ ಈ ವಿಧಾನ ರೂಢಿಯಲ್ಲಿದೆ. ಗಸಿ ಹೋಯಿತು, ಸವಿ ಉಳಿಯಿತು. ಇದಕ್ಕೆ ನಾವು ಲೋಟವೆತ್ತಿ ವಧೂವರರನ್ನು ಹರಸುವುದೇ?

"ಹಾಗಾದರೆ ಮದ್ಯಾಂಶವಿಲ್ಲದ ವೈನ್ ತರುತ್ತೇನೆ" ಎಂದ ತರುಣ. ಅದನ್ನೂ ಸಾಮಾನ್ಯವಾಗಿ ಮೊದಲು ಹುದುಗಿಸಿಯೇ ಅನಂತರ ಮದ್ಯಸಾರವನ್ನು ಬೇರ್ಪಡಿಸುತ್ತಾರೆ. ಅಮಲು ಹೋದೀತು, ವಧೆ ಎಲ್ಲಿಗೆ ಹೋದೀತು?

ಕೊನೆಗೆ ಅವನು ಕೇಳಿದ್ದು: "ನಿಮ್ಮ ಮನೆಯ ಇಡ್ಲಿ ಹಿಟ್ಟು?" ಕ್ಷಣಕಾಲ ನಾನು ಸುಮ್ಮನಾದೆ. ನನ್ನ ತಾಯಿ ರಾತ್ರಿ ಹಿಟ್ಟು ನೆನೆಯಿಡುತ್ತಿರಲಿಲ್ಲ. ನನ್ನ ಮನೆಯಲ್ಲಿ ಇಂದು ಇಡುತ್ತಾರೆ. ಅದು ನಮ್ಮ ಶೈಥಿಲ್ಯ, ಒಪ್ಪಿದೆ. ಆದರೆ ಚಿಲ್ಲರೆ ಸಾಲ ಉಳಿಸಿಕೊಂಡವನು ಅದೇ ಕಾರಣಕ್ಕೆ ಅಂಗಡಿಯನ್ನೇ ದಿವಾಳಿ ಎಬ್ಬಿಸಬೇಕೆಂದಿಲ್ಲವಲ್ಲ.

ಹಿರಿಯೂರು, ಹೊಸದುರ್ಗದ ತೋಟಗಳಲ್ಲಿ ದಾಳಿಂಬೆಗೆ ಬರವಿಲ್ಲ. ಸೂರ್ಯಾಸ್ತಕ್ಕೆ ಮೊದಲೇ ಹಿಂಡಿ ಕೊಡಬಹುದಿತ್ತು.

ಚಿತ್ರದುರ್ಗ, ಹೊಳಲ್ಕೆರೆ ಮೊದಲಾದ ಊರುಗಳ ಟ್ರಸ್ಟಿನವರಲ್ಲಿ ನನ್ನ ವಿನಂತಿ ಇಷ್ಟು: ಸಭಾಭವನದ ಬಾಡಿಗೆ ಪತ್ರದಲ್ಲಿ 'ಮದ್ಯ ನಿಷಿದ್ಧ' ಎಂದಷ್ಟೇ ಇದ್ದರೆ ಸಾಲದು. ವೈನನ್ನು ಹೆಸರಿಸಿಯೇ, 'ಮದ್ಯಾಂಶ ತೆಗೆದದ್ದಾದರೂ ಸಲ್ಲದು' ಎಂಬ ಮಾತನ್ನು ಮುಂದಿನ ಸಭೆಯಲ್ಲಿಯೇ ಸೇರಿಸಿರಿ. ಮದುವೆಯ ಋತು ಹತ್ತಿರದಲ್ಲಿದೆ.