ಅಳತೆಗೋಲಿನ ಅನ್ಯಾಯ

ನೆಲ ಕಿರಿದಾದ ಊರಿನಲ್ಲಿ ಮನೆಗಳು ಮೇಲಕ್ಕೆ ಬೆಳೆಯಬೇಕು; ಇದನ್ನು ಅರಿಯಲು ಪಾಂಡಿತ್ಯ ಬೇಕಿಲ್ಲ. ಮೂರು ಕಡೆ ಸಮುದ್ರವುಳ್ಳ ಮುಂಬಯಿ ಮಹಾನಗರವಾದರೋ ದಶಕಗಳ ಕಾಲ ಇದಕ್ಕೆ ವಿರುದ್ಧವಾದ ದಾರಿಯನ್ನೇ ಹಿಡಿಯಿತು. 1964ರಲ್ಲಿ ಅಲ್ಲಿ ಎಫ್.ಎಸ್.ಐ. ಎಂಬ ಅಳತೆಗೋಲು ಜಾರಿಗೆ ಬಂದಿತು. ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣವು ನಿವೇಶನದ ಎಷ್ಟು ಪಟ್ಟು ಇರಬಹುದೆಂಬ ಲೆಕ್ಕವಿದು. 1991ರ ನಿಯಮಗಳು ಇದನ್ನು ದ್ವೀಪನಗರಕ್ಕೆ 1.33, ಉಪನಗರಗಳಿಗೆ 1 ಎಂದು ನಿಗದಿಗೊಳಿಸಿದವು. ಅಂದರೆ ದ್ವೀಪನಗರದ 3000 ಚದರಡಿ ನಿವೇಶನದಲ್ಲಿ ಎಷ್ಟೇ ಅಂತಸ್ತು ಕಟ್ಟಿದರೂ ಒಟ್ಟು ಸುಮಾರು 4000 ಚದರಡಿ ಮಾತ್ರ.

ಫಲವೇನು? ಸರಕು ಕಡಿಮೆಯಾಗಿ ಗಿರಾಕಿ ಹೆಚ್ಚಿದರೆ ಬೆಲೆ ಏರುವುದೆಂದು ವ್ಯಾಪಾರದ ಓನಾಮ ಕಲಿತವನೂ ಬಲ್ಲನು. ಬೆಲೆ ತೆರಲಾರದವನು ಊರು ಬಿಡಲಿಲ್ಲ, ಜೋಪಡಿ ಕಟ್ಟಿದನು. 2011ರ ಜನಗಣತಿಯಂತೆ ಬೃಹನ್ಮುಂಬಯಿಯ ಸುಮಾರು 124 ಲಕ್ಷ ಜನರಲ್ಲಿ 52 ಲಕ್ಷ ಮಂದಿ ಕೊಳೆಗೇರಿವಾಸಿಗಳು. ಬಾಡಿಗೆ ನಿಯಂತ್ರಣಕ್ಕೂ, 2007ರವರೆಗೆ ಅಲ್ಲಿದ್ದ ನಗರ ಭೂಮಿತಿ ಕಾಯಿದೆಗೂ ಈ ಪಾಪದಲ್ಲಿ ಪಾಲುಂಟು. ಆದರೆ ಅಳತೆಗೋಲಿನ ಪಾಲು ಸಣ್ಣದಲ್ಲ.

ಹೆಚ್ಚು ಮನೆಗಳಾದರೆ ನೀರು, ಚರಂಡಿ, ರಸ್ತೆ ಸಾಲವೆಂಬುದು ನಿಯಮದ ಪಕ್ಷಪಾತಿಗಳ ವಾದ. ಜೋಪಡಿಯಲ್ಲಿರುವವನು ನೀರು ಕುಡಿಯುವುದಿಲ್ಲವೇ? ವಿರಾರದಿಂದ ರೈಲಿಗೆ ಜೋತುಬಿದ್ದು ಬರುವವನು ಅದೇ ಬೀದಿಯಲ್ಲಿ ನಡೆಯುವುದಿಲ್ಲವೇ? ನಿಯಮವು ಜನರನ್ನು ತಡೆಯಲಿಲ್ಲ; ಅವರ ಸೂರನ್ನು ಮಾತ್ರ ತಡೆಯಿತು. ಬೆಂಕಿಯಿಂದ ರಕ್ಷಣೆಗೆ, ಗಾಳಿ ಬೆಳಕುಗಳಿಗೆ ಕಟ್ಟಳೆ ಅವಶ್ಯವಿರಲಿ. ಮನೆಗಳ ಕೊರತೆಗೆ ಕಟ್ಟಳೆ ಏಕೆ?

2018ರ ನಿಯಮಾವಳಿಯು ದ್ವೀಪನಗರದ ಅಗಲ ರಸ್ತೆಗಳ ಬದಿಯಲ್ಲಿ 3ರವರೆಗೆ ಅವಕಾಶವಿತ್ತಿತು. ಆದರೆ ಮೂಲ ಪ್ರಮಾಣವು 1.33 ಆಗಿಯೇ ಉಳಿಯಿತು. ಅದಕ್ಕೆ ಮೇಲ್ಪಟ್ಟದ್ದನ್ನು ಶುಲ್ಕ ತೆತ್ತು, ಅಭಿವೃದ್ಧಿ ಹಕ್ಕುಗಳನ್ನು ಕ್ರಯಕ್ಕೆ ಕೊಂಡು ಪಡೆಯಬೇಕು. ಕೊರತೆಯನ್ನು ಸೃಷ್ಟಿಸಿದವರೇ ಅದನ್ನು ಮಾರಾಟಕ್ಕಿಡುವುದು ಯಾವ ನೀತಿ?

ಬೇರೆ ದಾರಿಯಿಲ್ಲವೆಂದೇನೂ ಅಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ನಗರವು 2016ರಲ್ಲಿ ತನ್ನ ವಾಸಪ್ರದೇಶದ ಸುಮಾರು ಮುಕ್ಕಾಲು ಪಾಲಿನಲ್ಲಿ ಒತ್ತಾಗಿ ಮನೆ ಕಟ್ಟಲು ಅನುಮತಿಸಿತು. ಐದಾರು ವರ್ಷಗಳಲ್ಲಿಯೇ ವರ್ಷವೊಂದಕ್ಕೆ ಪರವಾನಗಿ ಪಡೆಯುವ ಹೊಸ ಮನೆಗಳ ಸಂಖ್ಯೆ ಸುಮಾರು ಇಮ್ಮಡಿಯಾಯಿತು.

ಮನೆಯುಳ್ಳವನ ಆಸ್ತಿಯು ಕೊರತೆಯ ಬಲದಿಂದ ಬೆಲೆಯೇರಿದರೆ ಅದು ದುಡಿಮೆಯ ಸಂಪಾದನೆಯಲ್ಲ. ಮನೆಯಿಲ್ಲದವನ ಗಂಟಿನಿಂದ ಬಂದದ್ದು. ನೆರೆಯ ನಿವೇಶನದಲ್ಲಿ ಅಂತಸ್ತು ಏರಬಾರದೆಂಬ ಆಕ್ಷೇಪಣೆಗೆ ರುಜು ಹಾಕುವ ಮುನ್ನ, ಆ ಅಂತಸ್ತಿನಲ್ಲಿ ವಾಸಿಸಬಹುದಾಗಿದ್ದ ಸಂಸಾರವು ಎಲ್ಲಿಗೆ ಹೋಗಬೇಕೆಂಬುದನ್ನು ಸಜ್ಜನರು ಚಿಂತಿಸಲಿ.