ಗಿರವಿ ಅಂಗಡಿಯಿಂದ ಅಬಕಾರಿ ಖಜಾನೆಯವರೆಗೆ

ಮಾದಕ ವ್ಯಸನವನ್ನು ಕುರಿತ ಸಿನಿಮಾಗಳಲ್ಲಿ ಡ್ಯಾರೆನ್ ಅರೊನೊಫ್‌ಸ್ಕಿ ನಿರ್ದೇಶನದ ‘ರಿಕ್ವಿಯಂ ಫಾರ್ ಎ ಡ್ರೀಮ್’ (2000) ನೋಡುವುದಕ್ಕೆ ಬಹಳ ಕಷ್ಟವಾದ ಚಿತ್ರ. ಹೆರಾಯಿನ್ ಚಟಕ್ಕೆ ಬಿದ್ದ ಮಗ ತಾಯಿಯ ಟಿ.ವಿ.ಯನ್ನು ಗಿರವಿ ಅಂಗಡಿಗೆ ಹೊತ್ತೊಯ್ಯುತ್ತಾನೆ. ತಾಯಿ ಹಣ ತೆತ್ತು ಅದನ್ನು ಬಿಡಿಸಿಕೊಳ್ಳುತ್ತಾಳೆ. ಚಿತ್ರ ಮುಗಿಯುವ ವೇಳೆಗೆ ಮಗ ಒಂದು ಕೈ ಕಳೆದುಕೊಂಡಿರುತ್ತಾನೆ, ಗೆಳೆಯ ಜೈಲು ಸೇರಿರುತ್ತಾನೆ, ತಾಯಿ ಮನೋರೋಗದ ಆಸ್ಪತ್ರೆಯಲ್ಲಿರುತ್ತಾಳೆ. ಪ್ರೇಕ್ಷಕನಿಗೆ ಸಮಾಧಾನದ ಒಂದು ಮಾತೂ ಇಲ್ಲ.

ಇಂಥ ಚಿತ್ರವನ್ನು ಯಾಕಾದರೂ ನೋಡಬೇಕು? ಕಾರಣ ಆ ತಾಯಿಯ ಕಥೆಯಲ್ಲಿದೆ. ಆಕೆಗೆ ವ್ಯಸನ ಅಂಟಿದ್ದು ತೂಕ ಇಳಿಸಲೆಂದು ವೈದ್ಯರು ಬರೆದುಕೊಟ್ಟ ಮಾತ್ರೆಗಳಿಂದ. ಮಗನ ಕಳ್ಳಪುಡಿಯನ್ನೂ ತಾಯಿಯ ಔಷಧದ ಚೀಟಿಯನ್ನೂ ನಿರ್ದೇಶಕರು ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಕಾನೂನಿನ ಒಪ್ಪಿಗೆ ಇದೆಯೇ ಎಂದು ದೇಹ ಕೇಳುವುದಿಲ್ಲ.

ನಮ್ಮಲ್ಲಿ ಡ್ರಗ್ಸ್ ಎಂದೊಡನೆ ನೆನಪಾಗುವುದು ಬೆಂಗಳೂರಿನ ಪಾರ್ಟಿ ಮತ್ತು ಪೊಲೀಸರ ದಾಳಿ. ದಾವಣಗೆರೆ ಜಿಲ್ಲೆಯ ಕಡೆ ನೋಡಿ: ಅಡಿಕೆಯ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿ, ಮಳೆಯನ್ನೇ ನೆಚ್ಚಿದ ಜಗಳೂರು. ಬೆಳೆ ಬೇರೆ, ಆದಾಯ ಬೇರೆ. ಆದರೆ ಮನೆಯ ಪಾತ್ರೆ, ಒಡವೆಗಳನ್ನು ಅಡವಿಡಿಸುವ ವ್ಯಸನ ಇಲ್ಲೆಲ್ಲ ಸಿಗುವುದು ಸರ್ಕಾರ ಪರವಾನಗಿ ಕೊಟ್ಟ ಅಂಗಡಿಯಲ್ಲೇ.

ಕನ್ನಡ ಚಿತ್ರರಂಗ ಈ ಸಂಕಟವನ್ನು ಕಾಣದೆ ಇರಲಿಲ್ಲ. ರಾಜಕುಮಾರ್ ಅಭಿನಯದ ‘ಜೀವನ ಚೈತ್ರ’ (1992) ಹಳ್ಳಿಯ ಹೆಂಡದ ಪಿಡುಗಿನ ವಿರುದ್ಧವೇ ನಿಂತ ಚಿತ್ರ. ಅಲ್ಲಿ ಹೋರಾಡಲು ನಾಯಕನಿದ್ದ. ಬದುಕಿನಲ್ಲಿ ಅಷ್ಟು ಸುಲಭದ ಅಂತ್ಯ ಸಿಗಲಿಲ್ಲ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಚಟ ಅಗ್ಗದ ಇತರ ಮದ್ಯಕ್ಕೆ ದಾಟಿತು. 2019ರ ಜನವರಿಯಲ್ಲಿ ಜಗಳೂರಿನ ನೆರೆಯ ಚಿತ್ರದುರ್ಗದಿಂದ ಸಾವಿರಾರು ಮಹಿಳೆಯರು ಮದ್ಯ ನಿಷೇಧಕ್ಕಾಗಿ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದರು. ನಿಷೇಧ ಬರಲಿಲ್ಲ.

ಅದಕ್ಕೆ ಕಾರಣ ಬಜೆಟ್ ಪುಸ್ತಕದಲ್ಲಿದೆ. ಅಬಕಾರಿಯಿಂದ ರಾಜ್ಯಕ್ಕೆ ಬರುವ ವರಮಾನ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಯನ್ನು ಮೀರಿದೆ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ವ್ಯಸನಿಯ ಮಟ್ಟಿಗೆ ಈ ಪಾಠ ದುರ್ಬಲ. ಅವನು ಬಾಟಲಿಗಿಂತ ಮೊದಲು ಕಡಿತ ಮಾಡುವುದು ಮನೆಯ ದಿನಸಿಯನ್ನು, ಮಕ್ಕಳ ಶುಲ್ಕವನ್ನು. ಹೀಗಾಗಿ ಕುಡುಕನ ಮೇಲೆ ಹೇರಿದ ತೆರಿಗೆಯನ್ನು ಕೊನೆಗೆ ತೆರುವವಳು ಅವನ ಹೆಂಡತಿ.

ಹಾಗೆಂದು ಪೂರ್ಣ ನಿಷೇಧವೇ ಪರಿಹಾರವೆಂದು ನಾನು ವಾದಿಸುವುದಿಲ್ಲ. ಅದು ಕಳ್ಳಭಟ್ಟಿಗೆ ದಾರಿ ಮಾಡಬಲ್ಲದು. ಚಿಕಿತ್ಸೆಯ ಕೊರತೆ ನೀಗಿಸುವುದು ಮೊದಲ ಕರ್ತವ್ಯ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಧೀನರಾದ 38 ಮಂದಿಯಲ್ಲಿ ಯಾವುದಾದರೂ ಚಿಕಿತ್ಸೆ ದೊರೆತದ್ದು ಒಬ್ಬರಿಗೆ ಮಾತ್ರ. ಹೊನ್ನಾಳಿಯ ಕೂಲಿಕಾರನಿಗೆ ಬೆಂಗಳೂರಿನ ನಿಮ್ಹಾನ್ಸ್ 200 ಕಿ.ಮೀ.ಗೂ ದೂರ; ಹೋಗಿಬರುವುದೆಂದರೆ ಎರಡು ದಿನದ ಕೂಲಿ ಹೋಯಿತು.

ಅಡಿಪಾಯ ಇಲ್ಲದಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರ ಸೇವೆ ತಲುಪಿಸುವ ‘ಮನೋಚೈತನ್ಯ’ ಕಾರ್ಯಕ್ರಮವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಅಬಕಾರಿ ವರಮಾನದ ಪ್ರತಿ ನೂರು ರೂಪಾಯಿಯಲ್ಲಿ ಒಂದು ರೂಪಾಯಿಯನ್ನು ಶಾಸನಬದ್ಧವಾಗಿ ವ್ಯಸನ ಚಿಕಿತ್ಸೆಗೆ ಮೀಸಲಿಟ್ಟರೂ ವರ್ಷಕ್ಕೆ 300 ಕೋಟಿ ರೂಪಾಯಿ ಮೀರುತ್ತದೆ. ಪ್ರತಿ ತಾಲ್ಲೂಕಿನಲ್ಲೂ ಕೆಲವು ಹಾಸಿಗೆ, ಉಚಿತ ಔಷಧ, ಒಬ್ಬ ತರಬೇತಾದ ಆಪ್ತಸಮಾಲೋಚಕರನ್ನು ಒದಗಿಸುವ ಕೆಲಸವನ್ನು ಇದರಿಂದ ಆರಂಭಿಸಬಹುದು. ಬಾಟಲಿಯಿಂದ ನೂರು ರೂಪಾಯಿ ಪಡೆಯುವ ಸರ್ಕಾರ, ಅದನ್ನು ಬಿಡಿಸಲು ಒಂದು ರೂಪಾಯಿ ಹಿಂದಿರುಗಿಸಲಿ ಎಂದು ಕೇಳುವುದು ದುಬಾರಿ ಬೇಡಿಕೆಯೇನಲ್ಲ.