ಶೋಕವನ್ನು ಮರೆತ ಚಿತ್ರ

ಮಡಿದ ಮಗುವನ್ನು ಮರಳಿ ಪಡೆಯಬಹುದೆಂದಾದರೆ ಯಾವ ತಂದೆ ತಾನೇ ಸುಮ್ಮನಿದ್ದಾನು? ಅಮೆರಿಕದ ಸ್ಟೀಫನ್ ಕಿಂಗರು 1983ರಲ್ಲಿ ಪ್ರಕಟಿಸಿದ ‘ಪೆಟ್ ಸೆಮೆಟರಿ’ ಎಂಬ ಜನಪ್ರಿಯ ಕಾದಂಬರಿಯ ಮರ್ಮವೆಲ್ಲ ಈ ಪ್ರಶ್ನೆಯಲ್ಲಿಯೇ ಇರುವುದು. ಮೇನ್ ಸಂಸ್ಥಾನದ ಲಡ್ಲೋ ಎಂಬ ಊರಿಗೆ ಬಂದು ನೆಲಸಿದ ವೈದ್ಯನೊಬ್ಬನು ಮಗಳ ಸತ್ತ ಬೆಕ್ಕನ್ನು ಕಾಡಿನಾಚೆಯ ನೆಲದಲ್ಲಿ ಹೂಳುತ್ತಾನೆ. ಅದು ಮರಳಿ ಬರುತ್ತದೆ. ಆದರೆ ಹಿಂದಿನ ಬೆಕ್ಕಾಗಿ ಅಲ್ಲ. ಇದನ್ನು ಕಣ್ಣಾರೆ ಕಂಡ ಮೇಲೆಯೂ, ಲಾರಿಗೆ ಸಿಕ್ಕಿ ಮಡಿದ ತನ್ನ ಎಳೆಯ ಮಗನನ್ನು ಅವನು ಅಲ್ಲಿಗೇ ಒಯ್ಯುತ್ತಾನೆ. ಪುತ್ರಶೋಕವು ವಿವೇಕವನ್ನು ನುಂಗುವ ಬಗೆಯೇ ಇಲ್ಲಿನ ನಿಜವಾದ ಭಯ.

1989ರಲ್ಲಿ ಮೇರಿ ಲ್ಯಾಂಬರ್ಟರು ಇದನ್ನು ಚಲಚ್ಚಿತ್ರವಾಗಿಸಿದರು. ಚಿತ್ರಕಥೆಯನ್ನು ಕಿಂಗರೇ ಬರೆದುಕೊಟ್ಟಿದ್ದರು. 2019ರಲ್ಲಿ ಬೇರೆ ಇಬ್ಬರು ನಿರ್ದೇಶಕರು ಅದೇ ಹೆಸರಿನಿಂದ ಮತ್ತೆ ತೆಗೆದರು. ಇದರಲ್ಲಿ ಮಡಿಯುವುದು ಮಗನಲ್ಲ, ಹಿರಿಯ ಮಗಳು. ಬದಲಾವಣೆಯನ್ನೇ ದೂಷಿಸಲಾಗದು. ಮಾತು ಬಲ್ಲ ಹುಡುಗಿಯು ತಾನು ಸತ್ತವಳೆಂದು ಅರಿತು ತಂದೆಯೊಡನೆ ನುಡಿಯುವ ಗಳಿಗೆಯಲ್ಲಿ ಮೈ ನಡುಗುವಂತಹ ಸತ್ತ್ವವಿದೆ. ಆದರೆ ಚಿತ್ರವು ಅಲ್ಲಿ ನಿಲ್ಲದೆ ಕತ್ತಿಯ, ಚೀತ್ಕಾರದ ಬೆನ್ನುಹತ್ತಿ ಓಡುತ್ತದೆ. ತಂದೆಗೆ ಅಳಲಿಕ್ಕೂ ಬಿಡುವಿಲ್ಲ. ತಾಯ್ತಂದೆಗಳೂ ಪಿಶಾಚರಾಗಿ ಮರಳುವ ಕೊನೆಯು ಬೆಚ್ಚಿಸುತ್ತದೆಯೇ ಹೊರತು ಮರುಗಿಸುವುದಿಲ್ಲ. ನೆರೆಮನೆಯ ವೃದ್ಧನಾಗಿ ಜಾನ್ ಲಿತ್‌ಗೋರ ಅಭಿನಯ ಮಾತ್ರ ಮೆಚ್ಚತಕ್ಕದ್ದು.

ಮಕ್ಕಳಿಗೆ ಈ ಚಿತ್ರವು ಸರ್ವಥಾ ತಕ್ಕುದಲ್ಲ. ಹಿರಿಯರು ಪುಸ್ತಕವನ್ನೇ ಓದುವುದು ಲೇಸು. ಸಾವು ಕಂಡ ಮನೆಯವರಿಗೆ ಅದು ಕಠಿನವಾದ ಓದು, ನಿಜ. ಆದರೆ ಅಗಲಿದವರನ್ನು ಕಳುಹಿಕೊಡುವುದೂ ಪ್ರೀತಿಯ ಕೆಲಸವೇ ಎಂಬುದು ಅಲ್ಲಿ ಮನಸ್ಸಿಗೆ ನಾಟುತ್ತದೆ.